ತಲೆಗೆ ಪೆಟ್ಟು ಬಿದ್ದ ಮಾಜಿ ಸೈನಿಕರ ಖಿನ್ನತೆ: ಹತ್ತು ದಿನಕ್ಕೆ ಮಾತ್ರೆ ಬಿಟ್ಟವರಿಗೆ ಮುಂದೇನು?

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲ್ಲೂಕಿನವರು. ನಮ್ಮ ಮನೆಯವರು ಸೈನ್ಯದಲ್ಲಿ ಹವಾಲ್ದಾರ್ ಆಗಿದ್ದವರು, ಈಗ 45 ವರ್ಷ. ಎಂಟು ವರ್ಷದ ಹಿಂದೆ ಡ್ಯೂಟಿಯಲ್ಲಿದ್ದಾಗ ಸ್ಫೋಟವಾಗಿ ಗಾಡಿಯಿಂದ ಹೊರಗೆ ಬಿದ್ದರು. ಹತ್ತು ನಿಮಿಷ ಜ್ಞಾನ ಇರಲಿಲ್ಲವಂತೆ, ಸ್ಕ್ಯಾನ್ ನಾರ್ಮಲ್ ಬಂದಿತ್ತು. ಆಮೇಲೂ ಐದು ವರ್ಷ ಕೆಲಸ ಮಾಡಿ ಪಿಂಚಣಿಗೆ ಬಂದರು. ಈಗ ಒಂದು ವರ್ಷದಿಂದ ಎಂತಕ್ಕೂ ಮನಸ್ಸಿಲ್ಲ. ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಾರೆ, ತೋಟಕ್ಕೆ ಇಳಿಯುವುದಿಲ್ಲ, ಮಕ್ಕಳು ಗಲಾಟೆ ಮಾಡಿದರೆ ರೇಗುತ್ತಾರೆ, ಹೇಳಿದ್ದು ಮರೆಯುತ್ತಾರೆ. ತಲೆನೋವಿಗೆ ದಿನಾ ಮಾತ್ರೆ, ರಾತ್ರಿ ಕ್ಯಾಂಟೀನ್ ರಮ್ಮು, ಅದರ ಮೇಲೆ ನಿದ್ದೆ ಮಾತ್ರೆ. ಒಬ್ಬ ವೈದ್ಯರು ಮನಸ್ಸಿನ ಮಾತ್ರೆ ಬರೆದುಕೊಟ್ಟರು, ಹತ್ತು ದಿನಕ್ಕೆ ಬಿಟ್ಟರು. ಇದು ತಲೆಪೆಟ್ಟಿನದೋ ಖಿನ್ನತೆಯೋ? ಮಾತ್ರೆ ಚಟವಾಗುತ್ತದೆಯೇ? ಗುಣವಾಗುತ್ತದೆಯೇ? ಮೊನ್ನೆ "ಸಾಕಾಗಿದೆ" ಅಂದರು. ಮನೆಯಲ್ಲಿ ತೋಟದ ಕೋವಿ ಇದೆ, ಹೆದರಿಕೆಯಾಗುತ್ತಿದೆ.

ಉತ್ತರ: ನಿಮ್ಮ ಕೊನೆಯ ಸಾಲನ್ನೇ ಮೊದಲು ಎತ್ತಿಕೊಳ್ಳುತ್ತೇವೆ. "ಸಾಕಾಗಿದೆ" ಎನ್ನುವವರು ಇರುವ ಮನೆಯಲ್ಲಿ ಕೋವಿ ಇರಬಾರದು. ಚುನಾವಣೆ ಬಂದಾಗಲೆಲ್ಲ ಬೆಳೆ ರಕ್ಷಣೆಯ ಕೋವಿಯನ್ನು ಗೊಣಗಿಕೊಂಡಾದರೂ ಠಾಣೆಯಲ್ಲಿಟ್ಟು ರಸೀದಿ ತರುವುದು ಮಲೆನಾಡಿನವರಿಗೆ ಹೊಸದಲ್ಲ. ಈಗಲೂ ಅದನ್ನೇ ಮಾಡಿ: ಠಾಣೆಯಲ್ಲೋ ಪರವಾನಗಿ ಇರುವ ಬಂದೂಕು ಅಂಗಡಿಯಲ್ಲೋ ಇಡಿಸಿ ರಸೀದಿ ತೆಗೆದುಕೊಳ್ಳಿ. ಕದ್ದು ಸಾಗಿಸಬೇಡಿ. "ಔಷಧಿ ಹಿಡಿಯುವ ತನಕ ಕೋತ್‌ಗೆ (ಸೈನ್ಯದ ಆಯುಧ ಕೊಠಡಿ) ಜಮಾ ಮಾಡೋಣ" ಎಂದರೆ ಸೈನ್ಯದಲ್ಲಿದ್ದವರಿಗೆ ಅದು ಅವಮಾನವಾಗಿ ಕೇಳುವುದಿಲ್ಲ. ಡ್ಯೂಟಿ ಮುಗಿದ ಮೇಲೆ ಆಯುಧವನ್ನು ಕೋತ್‌ಗೆ ಒಪ್ಪಿಸಿಯೇ ಅವರಿಗೆ ಅಭ್ಯಾಸ. ತೋಟದ ಔಷಧಿ, ಕಳೆನಾಶಕ, ಮೈಲುತುತ್ತ ಎಲ್ಲವೂ ಬೀಗದೊಳಗೆ ಹೋಗಲಿ, ಬೀಗದ ಕೈ ನಿಮ್ಮ ಹತ್ತಿರವೋ ಮೈದುನರ ಹತ್ತಿರವೋ ಇರಲಿ. ಮಾತ್ರೆಗಳನ್ನೂ ಒಂದು ವಾರಕ್ಕೆ ಬೇಕಾದಷ್ಟು ಮಾತ್ರ ಹೊರಗಿಡಿ.

ಆಮೇಲೆ ನೇರವಾಗಿ ಕೇಳಿ: "ಸಾಯಬೇಕು ಅಂತ ಅನ್ನಿಸುತ್ತದೆಯಾ? ಹೇಗೆ ಅಂತ ಯೋಚನೆ ಮಾಡಿದ್ದೀರಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಬಾಯಿ ಬಿಟ್ಟು ಹೇಳಿದವರಿಗೆ ಎದೆಯ ಭಾರ ಸ್ವಲ್ಪ ಇಳಿಯುತ್ತದೆ. ಉಪಾಯ, ದಿನ, ಜಾಗ ಗೊತ್ತುಮಾಡಿಕೊಂಡಂತೆ ಕಂಡರೆ ಒಬ್ಬರನ್ನೇ ಬಿಡಬೇಡಿ, ಅದೇ ದಿನ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ರಾತ್ರಿ ಗಾಡಿ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ಅದು ಬರುವ ತನಕ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ. "ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸು" ಎಂಬ ಹಳೆಯ ಹೆದರಿಕೆಯನ್ನೂ ಬಿಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿರುವವರೆಂದು ನೋಡುತ್ತದೆ, ಶಿಕ್ಷಿಸುವುದಿಲ್ಲ.

ಇನ್ನು, ತಲೆಪೆಟ್ಟೋ ಖಿನ್ನತೆಯೋ ಎಂಬ ಪ್ರಶ್ನೆ. ನೀವು ಹೇಳಿದ ಹತ್ತು ನಿಮಿಷದ ಪ್ರಜ್ಞಾಹೀನತೆ, ನಾರ್ಮಲ್ ಸ್ಕ್ಯಾನ್ ನೋಡಿದರೆ ಅದು ವೈದ್ಯರು "ಸೌಮ್ಯ" ಎನ್ನುವ ಗುಂಪಿನ ಪೆಟ್ಟು. ಪ್ರಜ್ಞೆ ತಪ್ಪಿದ್ದು 30 ನಿಮಿಷದೊಳಗೆ, ಮರೆವು 24 ಗಂಟೆಯೊಳಗೆ ಇದ್ದರೆ ಆ ಹೆಸರು. ಅನುಭವಿಸುವವರಿಗೆ ಅದು ಸೌಮ್ಯವಾಗಿರಬೇಕೆಂದೇನಿಲ್ಲ. ಸಿ.ಟಿ. ಸ್ಕ್ಯಾನ್ ರಕ್ತಸ್ರಾವ, ಮೂಳೆ ಮುರಿತ ತೋರಿಸುತ್ತದೆ. ಮಿದುಳಿನೊಳಗೆ ಎಳೆದು ಜಗ್ಗಿದ ನರದ ಎಳೆಗಳು ಅದರಲ್ಲಿ ಕಾಣುವುದಿಲ್ಲ. ಹಾಗಾಗಿ "ಸ್ಕ್ಯಾನ್ ನಾರ್ಮಲ್, ನಿನಗೇನೂ ಆಗಿಲ್ಲ" ಎಂದು ಯಾರಾದರೂ ಅಂದಿದ್ದರೆ ಅದು ತಪ್ಪು. ಆದರೆ ಇನ್ನೊಂದು ಮಾತೂ ಇದೆ. ಸೌಮ್ಯ ಪೆಟ್ಟಿನ ತೊಂದರೆಗಳು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಇಳಿಯುತ್ತವೆ. ಕೆಲವರಲ್ಲಿ ಉಳಿದುಕೊಂಡರೂ ಸಮನಾಗಿ ಉಳಿಯುತ್ತವೆ. ಐದು ವರ್ಷ ಡ್ಯೂಟಿ ಮಾಡಿದವರು ಏಳನೇ ವರ್ಷಕ್ಕೆ ಕುಸಿದರೆ ಹಳೆಯ ಪೆಟ್ಟನ್ನೊಂದೇ ಕಾರಣ ಮಾಡಿ ಕೈಕಟ್ಟಿ ಕೂರುವಂತಿಲ್ಲ. ಮಧ್ಯೆ ಹೊಸದೇನೋ ಬಂದು ಸೇರಿದೆ, ಅದನ್ನು ಹುಡುಕಬೇಕು. ಹೆಚ್ಚಿನ ಸಲ ಅದು ಖಿನ್ನತೆ. ಪೆಟ್ಟು ಬಿದ್ದ ಮಿದುಳಿಗೆ ಖಿನ್ನತೆ ಸುಲಭವಾಗಿ ಹತ್ತುತ್ತದೆ: ತಲೆಪೆಟ್ಟಿನಿಂದ ಆಸ್ಪತ್ರೆ ಸೇರಿದ್ದ 559 ಜನರನ್ನು ಒಂದು ವರ್ಷ ಗಮನಿಸಿ 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಶೇ. 53 ಮಂದಿಗೆ ಖಿನ್ನತೆ ಕಾಣಿಸಿತ್ತು. ವರ್ಷಗಳ ನಂತರವೂ ಬರುತ್ತದೆ. ಸಮವಸ್ತ್ರ, ಜೊತೆಗಾರರು, ಬೆಳಗಿನ ಸೀಟಿ ಎಲ್ಲ ಒಟ್ಟಿಗೆ ತಪ್ಪಿ, ಹಿಂದಿನ ಮನೆಗೂ ಮುಂದಿನ ಮನೆಗೂ ಅರ್ಧ ಮೈಲಿ ಇರುವ ಊರಿನ ಜಗಲಿಗೆ ಬಂದು ಕೂತ ಮೇಲೆ ಬರುವುದು ಇನ್ನೂ ಸಹಜ.

ಗೊಂದಲವಾಗುವುದು ಏಕೆಂದರೆ ಮರೆವು, ಸುಸ್ತು, ಸಿಟ್ಟು, ನಿದ್ದೆಗೇಡು, ತಲೆನೋವು ಎರಡಕ್ಕೂ ಸೇರಿದವು. ಅವನ್ನು ಬದಿಗಿಟ್ಟು ಬೇರೆ ಕಡೆ ನೋಡಿ. "ನನ್ನಿಂದ ಏನೂ ಆಗಲ್ಲ, ನಿಮಗೆಲ್ಲ ಭಾರ" ಎನ್ನುವುದು, ಮೊದಲು ಇಷ್ಟಪಡುತ್ತಿದ್ದ ಕ್ರಿಕೆಟ್ಟೋ ಮೀನು ಹಿಡಿಯುವುದೋ ಈಗ ರುಚಿಸದಿರುವುದು, ಮುಂದೆ ಏನೂ ಕಾಣದಿರುವುದು ಖಿನ್ನತೆಯ ಗುರುತು. ಪೆಟ್ಟಿನಿಂದಲೇ ಬರುವ ಜಡತೆ ಬೇರೆ. ತೋಟಕ್ಕೆ ಇಳಿಯದ ಬಗ್ಗೆ ಜಡತೆಯವರಿಗೆ ಬೇಸರವೇ ಇರುವುದಿಲ್ಲ, ಕೈಹಿಡಿದು ಕರೆದರೆ ಎದ್ದು ಬರುತ್ತಾರೆ. ಖಿನ್ನತೆಯವರು ಕೂತಲ್ಲೇ ತಮ್ಮನ್ನು ತಾವು ಬೈದುಕೊಳ್ಳುತ್ತಿರುತ್ತಾರೆ. ಇದನ್ನು ಬೇರ್ಪಡಿಸುವುದು ಮುಖ್ಯ, ಏಕೆಂದರೆ ಬರೀ ಜಡತೆಗೆ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವೊಮ್ಮೆ ಜಡತೆ ಹೆಚ್ಚುತ್ತದೆ. ಆಸ್ಪತ್ರೆಯಲ್ಲಿ ಪಿ.ಎಚ್.ಕ್ಯು.-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ಕೊಡುತ್ತಾರೆ. ಕಳೆದ ಎರಡು ವಾರದ ಸ್ಥಿತಿಗೆ ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕೆ ಮೇಲೆ ಬಂದರೆ ಪೂರ್ತಿ ತಪಾಸಣೆ ಬೇಕು. ತಲೆಪೆಟ್ಟಿನವರಲ್ಲಿ ನಿದ್ದೆ, ಸುಸ್ತು, ಗಮನದ ಅಂಕಗಳು ಹೇಗೂ ಏರಿರುತ್ತವೆ. ಆದ್ದರಿಂದ ಆಸಕ್ತಿ, ಬೇಸರದ ಬಗೆಗಿನ ಮೊದಲ ಎರಡು ಪ್ರಶ್ನೆ, ತನ್ನನ್ನು ಹಳಿದುಕೊಳ್ಳುವ ಪ್ರಶ್ನೆ ಮತ್ತು ಸಾವಿನ ಬಗೆಗಿನ ಒಂಬತ್ತನೆಯ ಪ್ರಶ್ನೆಗೆ ಏನು ಬಂತು ಎಂದು ಬಿಡಿಯಾಗಿ ನೋಡಬೇಕು. ಒಟ್ಟು ಅಂಕ ಕಡಿಮೆ ಇದ್ದು ಒಂಬತ್ತನೆಯದಕ್ಕೆ ಒಂದೇ ಅಂಕ ಬಂದಿದ್ದರೂ ಅದನ್ನು ದಾಟಿ ಹೋಗುವಂತಿಲ್ಲ.

ಖಿನ್ನತೆ ಎಂದು ಒಪ್ಪಿಕೊಳ್ಳುವ ಮೊದಲು ಅದರ ವೇಷದಲ್ಲಿ ಬರುವ ಕೆಲವನ್ನು ತೆಗೆದುಹಾಕಬೇಕು. ಕುಡಿದು ಎಲ್ಲಾದರೂ ಜಾರಿ ಬಿದ್ದಿದ್ದಾರೆಯೇ? ಸಣ್ಣ ಬೀಳುವಿಕೆಯಿಂದಲೂ ತಲೆಬುರುಡೆಯ ಒಳಗೆ ನಿಧಾನವಾಗಿ ರಕ್ತ ಸೇರಿಕೊಳ್ಳಬಹುದು, ವಾರಗಟ್ಟಲೆ ಆದಮೇಲೆ ಮಂಕು ಮತ್ತು ತಲೆನೋವಾಗಿ ಕಾಣಿಸಿಕೊಳ್ಳುತ್ತದೆ. ತಲೆನೋವು ದಿನದಿಂದ ದಿನಕ್ಕೆ ಏರುತ್ತಿದ್ದರೆ, ಒಂದು ಕೈಯೋ ಕಾಲೋ ಸೋಲುತ್ತಿದ್ದರೆ, ಹಗಲೂ ತೂಕಡಿಸುತ್ತಿದ್ದರೆ, ನಡಿಗೆ ಬದಲಾಗಿದ್ದರೆ ಎಂಟು ವರ್ಷದ ಹಿಂದಿನ ಸ್ಕ್ಯಾನ್ ಹಿಡಿದುಕೊಂಡು ಕೂರದೆ ತಕ್ಷಣ ಹೊಸದು ಮಾಡಿಸಿ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಸಕ್ಕರೆ, ಸೋಡಿಯಂ, ಲಿವರ್, ಥೈರಾಯ್ಡಿನ ಟಿ.ಎಸ್.ಎಚ್., ಬಿ-12 ಇರಲಿ. ಮಿದುಳಿನ ಬುಡದಲ್ಲಿದ್ದು ಹಾರ್ಮೋನುಗಳನ್ನು ನಡೆಸುವ ಪಿಟ್ಯುಟರಿ ಗ್ರಂಥಿಗೂ ಪೆಟ್ಟಾಗಿರಬಹುದು. ವಿಪರೀತ ಸುಸ್ತು, ದಾಂಪತ್ಯದಲ್ಲಿ ಆಸೆಯೇ ಇಲ್ಲದಿರುವುದು, ಗಡ್ಡ ಕಡಿಮೆಯಾಗುವುದು ಕಂಡರೆ ಬೆಳಿಗ್ಗೆ 8 ಗಂಟೆ ಹೊತ್ತಿಗೆ ಕಾರ್ಟಿಸಾಲ್ ಮತ್ತು ಟೆಸ್ಟೋಸ್ಟಿರಾನ್ ನೋಡಿಸಬೇಕು; ಮಧ್ಯಾಹ್ನ ತೆಗೆದ ರಕ್ತದಲ್ಲಿ ಆ ಅಂಕೆಗೆ ಅರ್ಥವಿಲ್ಲ. ಸ್ಫೋಟ ಕಂಡವರ ಕಿವಿಯನ್ನೂ ಪರೀಕ್ಷಿಸಿ. "ಹೇಳಿದ್ದು ಮರೆಯುತ್ತಾರೆ" ಎನ್ನುವುದರಲ್ಲಿ ಅರ್ಧ, ಹೇಳಿದ್ದು ಸರಿಯಾಗಿ ಕೇಳಿಸದೆ ಇರುವುದೂ ಆಗಿರಬಹುದು.

ನಿದ್ದೆಯ ವಿಷಯದಲ್ಲಿ ಯಂತ್ರಕ್ಕಿಂತ ಒಳ್ಳೆಯ ಸಾಕ್ಷಿ ನೀವು. ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಂತು, ಆಮೇಲೆ ಒಮ್ಮೆಲೇ ಎಳೆದುಕೊಳ್ಳುತ್ತಾರೆಯೇ? ಮೊಬೈಲಿನಲ್ಲಿ ಹತ್ತು ನಿಮಿಷ ವಿಡಿಯೊ ಮಾಡಿಟ್ಟುಕೊಳ್ಳಿ, ವೈದ್ಯರಿಗೆ ತೋರಿಸಿ. ಹೀಗೆ ನಿದ್ದೆಯಲ್ಲಿ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ ಇದ್ದವರಿಗೆ ಮನಸ್ಸಿನ ಮಾತ್ರೆ ಎಷ್ಟು ಕೊಟ್ಟರೂ ಬೆಳಿಗ್ಗೆ ತಲೆ ಭಾರ ಇಳಿಯುವುದಿಲ್ಲ. ರಮ್ಮು ಮತ್ತು ನಿದ್ದೆ ಮಾತ್ರೆ ಅದನ್ನು ಇನ್ನೂ ಕೆಡಿಸುತ್ತವೆ. ಕೆಟ್ಟ ಕನಸಿಗೆ ಬೆಚ್ಚಿ ಏಳುವುದು, ಮಂಗ ಹಂದಿ ಓಡಿಸಲು ಪಕ್ಕದ ತೋಟದವರು ಗರ್ನಾಲು ಹೊಡೆದಾಗ ಮೈ ನಡುಗುವುದು, ಸ್ಫೋಟದ ಮಾತೆತ್ತಿದರೆ ಎದ್ದು ಹೋಗುವುದು ಇದ್ದರೆ ಆಘಾತದ ನಂತರದ ಒತ್ತಡವೂ ಜೊತೆಗಿದೆ ಎಂದರ್ಥ. ಅದನ್ನು ವೈದ್ಯರಿಗೆ ಬಿಡಿಸಿ ಹೇಳಿ, ಚಿಕಿತ್ಸೆ ಸ್ವಲ್ಪ ಬದಲಾಗುತ್ತದೆ. ಗರ್ನಾಲು ಹೊಡೆಯುವ ಹೊತ್ತನ್ನು ಮುಂಚೆ ತಿಳಿಸಲು ನೆರೆಯವರಿಗೆ ಹೇಳಿಡಿ. ದಿನವಿಡೀ ಕಿವಿಗೆ ಹತ್ತಿ ತುರುಕಿಕೊಳ್ಳುವುದು ಬೇಡ, ಶಬ್ದ ಸಹಿಸದಿರುವುದು ಅದರಿಂದ ಹೆಚ್ಚುತ್ತದೆ.

ಈಗ ಮನೆಯಲ್ಲಿರುವ ಮಾತ್ರೆಗಳು. ಎಲ್ಲ ಸ್ಟ್ರಿಪ್ಪುಗಳನ್ನೂ ಒಂದು ಚೀಲಕ್ಕೆ ಹಾಕಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ನಿದ್ದೆ ಮಾತ್ರೆ ಅಲ್‌ಪ್ರಜೋಲಾಮ್ ಅಥವಾ ಕ್ಲೋನಾಜೆಪಾಮ್ ಆಗಿದ್ದರೆ, ಪೆಟ್ಟು ಬಿದ್ದ ಮಿದುಳಿಗೆ ಅದಕ್ಕಿಂತ ಅನನುಕೂಲದ ಗೆಳೆಯ ಇಲ್ಲ. ಮರೆವು ಹೆಚ್ಚಿಸುತ್ತದೆ, ಬೀಳಿಸುತ್ತದೆ, ಕೆಲವರಲ್ಲಿ ಸಿಟ್ಟಿನ ಕಡಿವಾಣ ಕಳಚುತ್ತದೆ, ರಮ್ಮಿನ ಜೊತೆ ಸೇರಿದರೆ ಉಸಿರಾಟಕ್ಕೇ ಅಪಾಯ. ನೀವು ಕೇಳಿದ "ಚಟ" ಇರುವುದು ಇದಕ್ಕೆ. ಹಾಗೆಂದು ನಾಳೆಯೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ಲೆಕ್ಕದಲ್ಲಿ, ಎರಡು ವಾರಕ್ಕೊಮ್ಮೆ ಕಾಲು ಭಾಗದಷ್ಟೋ ಅದಕ್ಕೂ ಕಡಿಮೆಯೋ ಇಳಿಸುತ್ತ ಬರಬೇಕು. ಪೆಟ್ಟಾದಾಗ ಫಿಟ್ಸ್ ಬಾರದಂತೆ ಕೊಟ್ಟ ಮಾತ್ರೆ ಇನ್ನೂ ನಡೆಯುತ್ತಿದ್ದರೆ ಅದನ್ನೂ ತೋರಿಸಿ. ಅಂಥ ಮಾತ್ರೆಗಳಲ್ಲೊಂದಾದ ಲೆವೆಟಿರಾಸೆಟಾಮ್ ಕೆಲವರಲ್ಲಿ ಸಿಟ್ಟು, ಖಿನ್ನತೆ ತರುತ್ತದೆ. ಮನೆಯವರು "ಸ್ವಭಾವವೇ ಬದಲಾಯಿತು" ಎನ್ನುವುದು ಎಷ್ಟೋ ಸಲ ಆ ಮಾತ್ರೆ ಶುರುವಾದ ತಿಂಗಳಿಂದ. ಅದನ್ನೂ ನೀವೇ ನಿಲ್ಲಿಸುವಂತಿಲ್ಲ, ಬದಲಿ ಇದೆ.

ತಲೆನೋವಿನ ಮಾತ್ರೆಯೇ ತಲೆನೋವು ತರುತ್ತದೆ ಎಂದರೆ ಜನ ನಂಬುವುದಿಲ್ಲ. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಕೆಫೀನೋ ಟ್ರಮಡಾಲೋ ಬೆರೆತದ್ದನ್ನು 10 ದಿನ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ನುಂಗಿದರೆ ಹಾಗಾಗುತ್ತದೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಅಮಾವಾಸ್ಯೆ ಹುಣ್ಣಿಮೆಯ ಗುರುತಿನ ಪಕ್ಕದಲ್ಲೇ, ಮಾತ್ರೆ ನುಂಗಿದ ದಿನಕ್ಕೊಂದು ಗೀಟು ಹಾಕಿ. ತಿಂಗಳ ಕೊನೆಗೆ ಎಣಿಸಿದರೆ ವೈದ್ಯರಿಗೆ ಅರ್ಧ ಗಂಟೆಯ ವಿಚಾರಣೆ ಉಳಿಯುತ್ತದೆ. ಟ್ರಮಡಾಲ್ ಮಾತ್ರ ವಿಶೇಷವಾಗಿ ಹೇಳಬೇಕಾದದ್ದು: ಅದು ಫಿಟ್ಸ್ ತರಬಲ್ಲದು, ಖಿನ್ನತೆಯ ಮಾತ್ರೆಯ ಜೊತೆ ಸೇರಿದರೆ ಮೈ ನಡುಕ, ಜ್ವರ, ಗೊಂದಲದ ಅಪಾಯವೂ ಇದೆ.

ಖಿನ್ನತೆಯ ಮಾತ್ರೆ ಹತ್ತು ದಿನಕ್ಕೆ ನಿಂತದ್ದು ಆಶ್ಚರ್ಯವಲ್ಲ. ಸರ್ಟ್ರಾಲಿನ್, ಎಸ್ಸಿಟಾಲೊಪ್ರಾಮ್ ಗುಂಪಿನ ಔಷಧಿಗಳಲ್ಲಿ ಮೊದಲ ಎರಡು ವಾರ ಹೆಚ್ಚಾಗಿ ಕಾಣುವುದು ತೊಂದರೆಯೇ: ವಾಕರಿಕೆ, ಸಡಿಲ ಭೇದಿ, ತಲೆನೋವು, ಚಡಪಡಿಕೆ. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಅಂದರೆ ನಿಮ್ಮವರು ಕಹಿಯನ್ನೆಲ್ಲ ನುಂಗಿ ಸಿಹಿ ಬರುವ ಮೊದಲೇ ಎದ್ದರು. ಇದನ್ನು ಚೀಟಿ ಬರೆಯುವಾಗಲೇ ಹೇಳಬೇಕಿತ್ತು, ಹೇಳಿದ್ದರೂ ಅವರಿಗೆ ಮರೆತಿರುತ್ತದೆ. ಪೆಟ್ಟು ಬಿದ್ದ ಮಿದುಳು ಅಡ್ಡ ಪರಿಣಾಮಕ್ಕೆ ಬೇಗ ಕೆರಳುವುದರಿಂದ ಸಾಮಾನ್ಯ ಆರಂಭದ ಡೋಸಿನ ಅರ್ಧದಿಂದ ಶುರು ಮಾಡುವುದು ರೂಢಿ. ಸರ್ಟ್ರಾಲಿನ್ ಆದರೆ ಬೆಳಗಿನ ತಿಂಡಿಯ ನಂತರ 25 ಮಿ.ಗ್ರಾಂ., ಒಂದು ವಾರದ ಮೇಲೆ 50. ಎಸ್ಸಿಟಾಲೊಪ್ರಾಮ್ ಆದರೆ 5, ಆಮೇಲೆ 10. ನಾಲ್ಕಾರು ವಾರದಲ್ಲಿ ಸಾಲದೆ ಬಂದರೆ ವೈದ್ಯರು ಸರ್ಟ್ರಾಲಿನ್ ಅನ್ನು 100ಕ್ಕೋ ಅದಕ್ಕೆ ಮೇಲಕ್ಕೋ (ಮಿತಿ 200) ಏರಿಸುತ್ತಾರೆ. ಇಲ್ಲಿ ಆಗುವ ತಪ್ಪು ಇನ್ನೊಂದು ದಿಕ್ಕಿನದು: ತಲೆಪೆಟ್ಟಿನವರೆಂದು ಹೆದರಿ 25ರಲ್ಲೇ ಆರು ತಿಂಗಳು ಬಿಟ್ಟು "ಔಷಧಿ ಹಿಡಿಯಲಿಲ್ಲ" ಎಂದು ತೀರ್ಮಾನಿಸುವುದು. ನಿಧಾನವಾಗಿ ಏರಿಸಬೇಕು, ಆದರೆ ಏರಿಸಬೇಕು.

ಈ ಮಾತ್ರೆ ಚಟ ಹಿಡಿಸುವುದಿಲ್ಲ. ಹಠಾತ್ತನೆ ಬಿಟ್ಟರೆ ಕೆಲವು ದಿನ ತಲೆ ತಿರುಗುವುದು, ತಲೆಯೊಳಗೆ ಶಾಕ್ ಹೊಡೆದಂತಾಗುವುದು ಇದೆ, ಅದಕ್ಕೇ ಇಳಿಸುತ್ತ ನಿಲ್ಲಿಸುವುದು. ಚೆನ್ನಾದ ಮೇಲೂ ಆರರಿಂದ ಹನ್ನೆರಡು ತಿಂಗಳು ಮುಂದುವರಿಸಬೇಕು. ನೋವಿನ ಮಾತ್ರೆಗಳಾದ ಡೈಕ್ಲೋಫಿನಾಕ್, ಐಬುಪ್ರೊಫೆನ್, ಆಸ್ಪಿರಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚು. ಮಲ ಕಪ್ಪಾದರೆ ತಡಮಾಡಬೇಡಿ. ದಾಂಪತ್ಯದಲ್ಲಿ ತೊಂದರೆ ಕಾಣಿಸಬಹುದು. ಗಂಡಸರು ಇದನ್ನು ಹೇಳದೆ ಮಾತ್ರೆ ಮಾತ್ರ ನಿಲ್ಲಿಸುತ್ತಾರೆ, ಹಾಗಾಗಿ ವೈದ್ಯರು ಕೇಳದಿದ್ದರೆ ನೀವೇ ಎತ್ತಿ. ಡೋಸ್ ಸರಿಪಡಿಸಬಹುದು, ಮಾತ್ರೆ ಬದಲಿಸಬಹುದು. ಮಾತ್ರೆ ಶುರುವಾದ ಮೇಲೆ ನಿದ್ದೆಯೇ ಬೇಡವಾಗಿ, ಮಾತು ಉಕ್ಕಿ, ಖರ್ಚು ಹೆಚ್ಚಿ ಓಡಾಡತೊಡಗಿದರೆ ಅದು ಗುಣವಾದದ್ದಲ್ಲ, ಕೂಡಲೇ ವೈದ್ಯರಿಗೆ ತಿಳಿಸಿ. ಬ್ಯುಪ್ರೊಪಿಯಾನ್ ಎಂಬ ಔಷಧಿ ಫಿಟ್ಸ್ ಸಾಧ್ಯತೆ ಹೆಚ್ಚಿಸುವುದರಿಂದ ತಲೆಪೆಟ್ಟಿನವರಿಗೆ ಸುಲಭಕ್ಕೆ ಬರೆಯುವುದಿಲ್ಲ. ನಿದ್ದೆ ಇಲ್ಲದೆ ತೂಕ ಇಳಿದಿದ್ದರೆ ರಾತ್ರಿ ಮಿರ್ಟಾಜಪಿನ್ ಕೊಡುವುದುಂಟು.

ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ತಲೆಪೆಟ್ಟಿನ ನಂತರದ ಖಿನ್ನತೆಯಲ್ಲಿ ಮಾತ್ರೆಯ ಕೆಲಸಕ್ಕೆ ಪುರಾವೆ ನಾವು ಬಯಸುವಷ್ಟು ಗಟ್ಟಿಯಾಗಿಲ್ಲ. 2017ರಲ್ಲಿ ಪ್ರಕಟವಾದ 12 ವಾರಗಳ ಒಂದು ಪರೀಕ್ಷೆಯಲ್ಲಿ ಸರ್ಟ್ರಾಲಿನ್ ನುಂಗಿದವರಿಗೂ ಹುಸಿ ಮಾತ್ರೆ ನುಂಗಿದವರಿಗೂ ಒಟ್ಟಾರೆ ಹೇಳಿಕೊಳ್ಳುವ ಅಂತರ ಬರಲಿಲ್ಲ. ಎರಡೂ ಗುಂಪು ಸುಧಾರಿಸಿದವು. ಹಾಗೆಂದು ಮಾತ್ರೆ ವ್ಯರ್ಥ ಎಂದಲ್ಲ, ಮಾತ್ರೆಯೊಂದರ ಮೇಲೇ ಭಾರ ಹಾಕಬಾರದು ಎಂದು. ನಮ್ಮ ಲೆಕ್ಕದಲ್ಲಿ ಇಂಥವರ ಚಿಕಿತ್ಸೆ ಸೋಲುವುದು ತಪ್ಪು ಔಷಧಿಯಿಂದಲ್ಲ. ಮರೆಯುವ, ಬೇಗ ದಣಿಯುವ ಮನುಷ್ಯನಿಗೆ, ಮರೆಯದ, ದಣಿಯದ ಮನುಷ್ಯನಿಗೆ ಹೊಲಿದ ಚಿಕಿತ್ಸೆ ತೊಡಿಸುವುದರಿಂದ.

ಅದನ್ನು ಅಳತೆಗೆ ತರುವುದು ಹೇಗೆ? ಬೋರ್ಡೊ ದ್ರಾವಣ ಕಲಸುವುದನ್ನೇ ತೆಗೆದುಕೊಳ್ಳಿ. ಒಂದು ಕೆ.ಜಿ. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕೆ.ಜಿ. ಸುಣ್ಣವನ್ನು ಬೇರೆ 50 ಲೀಟರಿನಲ್ಲಿ ಕರಗಿಸಿ, ಎರಡನ್ನೂ ಕೂಡಿಸಿ, ಕಬ್ಬಿಣದ ಚಾಕು ಅದ್ದಿ ನೋಡುವುದು. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು. ಇದು ನಿಮ್ಮವರಿಗೆ ಚಿಕ್ಕಂದಿನಿಂದ ಗೊತ್ತು. ಒಂದೊಂದು ಹೆಜ್ಜೆ ಕೇಳಿದರೆ ಈಗಲೂ ಸರಿಯಾಗಿ ಹೇಳುತ್ತಾರೆ. ಆದರೆ ಡ್ರಮ್ಮಿನ ಮುಂದೆ ನಿಂತಾಗ ಸುಣ್ಣ ಹಾಕಿಯಾಯಿತೋ ಇಲ್ಲವೋ ತಿಳಿಯದೆ, ಅಷ್ಟರಲ್ಲಿ ಯಾರೋ ಫೋನ್ ಮಾಡಿ, ಸಿಟ್ಟು ಬಂದು ಬಕೆಟ್ ಒದ್ದು ಜಗಲಿಗೆ ಬರುತ್ತಾರೆ. ಕಳೆದುಹೋದದ್ದು ತಿಳಿವಳಿಕೆಯಲ್ಲ, ಹೆಜ್ಜೆಗಳನ್ನು ಸಾಲಾಗಿ ಹಿಡಿದಿಡುವ ಶಕ್ತಿ. ಅದು ಮಿದುಳಿನ ಮುಂಭಾಗದ ಕೆಲಸ, ಪೆಟ್ಟು ಹೆಚ್ಚಾಗಿ ಬೀಳುವುದೂ ಅಲ್ಲೇ. ನೋಡುವವರು "ಸೋಮಾರಿ" ಎನ್ನುತ್ತಾರೆ, ಅವರು "ನಾನು ಕೆಲಸಕ್ಕೆ ಬಾರದವನು" ಎಂದುಕೊಳ್ಳುತ್ತಾರೆ, ಖಿನ್ನತೆ ಅಲ್ಲಿ ಬೇರು ಬಿಡುತ್ತದೆ. ಮದ್ದು ಸರಳ: ಆ ನಾಲ್ಕು ಹೆಜ್ಜೆಗಳನ್ನು ದಪ್ಪ ಅಕ್ಷರದಲ್ಲಿ ರಟ್ಟಿನ ಮೇಲೆ ಬರೆದು ಡ್ರಮ್ಮಿನ ಮೇಲೆ ತೂಗುಹಾಕಿ, ಒಂದು ಮುಗಿದ ಮೇಲೆ ಸುಣ್ಣದಲ್ಲೇ ಗೀಟು ಎಳೆಯುವುದು. ಫೋನ್ ಮನೆಯಲ್ಲಿರಲಿ. (ಸಾಮಾನು ತೂಗಿ ಕೊಡುವುದು, ಉಳಿದದ್ದಕ್ಕೆ ಮತ್ತೆ ಬೀಗ ಹಾಕುವುದು ಈಗ ನಿಮ್ಮ ಕೆಲಸ.) ಮರ ಹತ್ತುವುದು, ಎತ್ತರದಿಂದ ಔಷಧಿ ಹೊಡೆಯುವುದು, ವೀಡ್ ಕಟರ್ ಸದ್ಯಕ್ಕೆ ಬೇಡವೇ ಬೇಡ. ತಲೆ ತಿರುಗಿ ಬಿದ್ದರೆ ಎರಡನೆಯ ಪೆಟ್ಟು ಮೊದಲನೆಯದಕ್ಕಿಂತ ದುಬಾರಿ.

ಇದೇ ರೀತಿಯಲ್ಲಿ ದಿನವನ್ನು ಕಟ್ಟಬೇಕು. ಮನಸ್ಸು ಬಂದಾಗ ಮಾಡುತ್ತೇನೆ ಎಂದರೆ ಖಿನ್ನತೆಯಲ್ಲಿ ಮನಸ್ಸು ಬರುವುದೇ ಇಲ್ಲ. ಕೆಲಸ ಮೊದಲು, ಮನಸ್ಸು ಹಿಂದಿನಿಂದ. ಮೊದಲ ವಾರ ಒಂದೇ ಒಂದು ಕೆಲಸ: ಬೆಳಗಿನ ಕಾಫಿ ಕುಡಿದು 7 ಗಂಟೆಗೆ ಎದ್ದು ಒಂದು ಸಾಲಿನ ಇಪ್ಪತ್ತು ಅಡಿಕೆ ಮರದ ತನಕ ಹೋಗಿ ಬರುವುದು, ಹತ್ತು ನಿಮಿಷ. ಮಳೆಯಿದ್ದರೆ ಕೊಟ್ಟಿಗೆಯಲ್ಲಿ ದನಕ್ಕೆ ಹುಲ್ಲು ಹಾಕುವುದು. ಬಂದು ಪುಸ್ತಕದಲ್ಲಿ ಎರಡು ಅಂಕ: ಎಷ್ಟು ಹಿತವಾಯಿತು, ಎಷ್ಟು ಸುಸ್ತಾಯಿತು, ಹತ್ತಕ್ಕೆ ಎಷ್ಟು. ಎರಡನೇ ವಾರ ಹದಿನೈದು ನಿಮಿಷ ಅಥವಾ ಇನ್ನೊಂದು ಸಣ್ಣ ಕೆಲಸ. ಸುಸ್ತು ಏಳು ದಾಟಿದರೆ ಮರುದಿನ ಕಡಿಮೆ ಮಾಡಿ. ಅಡಿಕೆ ಕೊನೆ ಕೊಯ್ಲಿನ ದಿನ ಆಳುಗಳ ಜೊತೆ ಹುಮ್ಮಸ್ಸಿನಲ್ಲಿ ಸಂಜೆ ತನಕ ದುಡಿದು ಆಮೇಲೆ ಮೂರು ದಿನ ಮಲಗುವುದು ಇಂಥವರ ಸಾಮಾನ್ಯ ಸೋಲು. ಇನ್ನೂ ಆಗುತ್ತದೆ ಅನ್ನಿಸುವಾಗಲೇ ನಿಲ್ಲಿಸುವುದನ್ನು ಕಲಿಯಬೇಕು. ಸೈನ್ಯದಲ್ಲಿದ್ದವರಿಗೆ ಬರೆದ ಆರ್ಡರು, ಗೊತ್ತಾದ ಟೈಮು ಒಗ್ಗುತ್ತದೆ. ಬೋರ್ಡಿನ ಮೇಲೆ ಅವರೇ ಬರೆಯಲಿ. ನೀವು ಸುಬೇದಾರರಾಗಿ ನಿಂತು ಗದರಿಸಿದರೆ ಮೂರನೇ ದಿನಕ್ಕೆ ಮುಗಿಯಿತು. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಟಿ.ವಿ. ಆರಿಸಿ ಹೇಳಿ.

ಆಪ್ತಸಮಾಲೋಚನೆಯೂ ಹಾಗೆಯೇ ಕಿರಿದಾಗಬೇಕು. ಒಂದು ಗಂಟೆ ಬೇಡ, 30ರಿಂದ 40 ನಿಮಿಷ, ಒಂದು ದಿನಕ್ಕೆ ಒಂದು ವಿಷಯ, ಕೊನೆಯ ಹತ್ತು ನಿಮಿಷ ನೀವು ಒಳಗೆ. ಹೇಳಿದ್ದನ್ನು ಪುಸ್ತಕದಲ್ಲಿ ಬರೆಸಿಕೊಂಡು ಬನ್ನಿ. ಹಳ್ಳಿಯಿಂದ ತಿರುವಿನ ದಾರಿಯಲ್ಲಿ ಬಸ್ಸು ಹತ್ತಿ ಬಂದವರ ತಲೆ ಅರ್ಧ ಗಂಟೆ ಸುತ್ತುತ್ತಿರುತ್ತದೆ. ಬಂದ ಕೂಡಲೇ ಒಳಗೆ ಕೂರಿಸಬೇಡಿ, ನೀರು ಕುಡಿದು ಸ್ವಲ್ಪ ಸುಧಾರಿಸಿಕೊಳ್ಳಲಿ. ನಡುವಿನ ಭೇಟಿಗಳು ಫೋನಿನಲ್ಲೂ ಆಗುತ್ತವೆ, ನೆಟ್‌ವರ್ಕ್ ಸಿಗುವ ಗುಡ್ಡ ನಿಮಗೆ ಗೊತ್ತಿದ್ದೇ ಇರುತ್ತದೆ.

ರಮ್ಮು. ಕ್ಯಾಂಟೀನ್ ಕೋಟಾ ಎಂಬುದು ಹಕ್ಕು, ಕಡ್ಡಾಯವಲ್ಲ; ತಂದಿಟ್ಟರೆ ಮುಗಿಯುವ ತನಕ ಮನೆಯಲ್ಲಿ ಅದೇ ಮಾತು. ತಲೆಪೆಟ್ಟು ಬಿದ್ದವರಿಗೆ ಇಷ್ಟು ಕುಡಿದರೆ ಪರವಾಗಿಲ್ಲ ಎಂಬ ಅಳತೆ ನಾವು ಕೊಡುವುದಿಲ್ಲ. ಅದು ಖಿನ್ನತೆ ಹೆಚ್ಚಿಸುತ್ತದೆ, ಮಧ್ಯರಾತ್ರಿ ನಿದ್ದೆ ಒಡೆಯುತ್ತದೆ, ಫಿಟ್ಸ್ ಹತ್ತಿರ ತರುತ್ತದೆ. ಆದರೆ ದಿನಾ ಕುಡಿಯುವವರು, ಬೆಳಿಗ್ಗೆ ಕೈ ನಡುಗುವವರು ಮನೆಯಲ್ಲೇ ಒಮ್ಮೆಗೆ ಬಿಟ್ಟರೆ ಎರಡು ಮೂರು ದಿನದೊಳಗೆ ಫಿಟ್ಸ್, ಭ್ರಮೆ ಬರಬಹುದು. ಆಸ್ಪತ್ರೆಯಲ್ಲಿ ಬಿಡಿಸಬೇಕು, ಥಯಾಮಿನ್ ಅಂದರೆ ಬಿ-1 ಮೊದಲು ಹೋಗಬೇಕು. ಬಿಡಿಸುವಾಗ ಕೆಲವು ದಿನ ವೈದ್ಯರೇ ನಿದ್ದೆ ಗುಂಪಿನ ಮಾತ್ರೆ ಕೊಟ್ಟರೆ ಗಾಬರಿ ಬೇಡ, ಅದು ಬೇರೆ ಲೆಕ್ಕ. ಸಾರಿನಲ್ಲಿ ಗುಟ್ಟಾಗಿ ಬೆರೆಸುವ "ಕುಡಿತ ಬಿಡಿಸುವ ಪುಡಿ"ಯ ತಂಟೆಗೆ ಹೋಗಲೇಬೇಡಿ. ಅದರಲ್ಲಿ ಡೈಸಲ್ಫಿರಾಮ್ ಇದ್ದು ಮೇಲೆ ರಮ್ಮು ಬಿದ್ದರೆ ಜೀವಕ್ಕೇ ಸಂಚಕಾರ. ಹರಕೆ, ತಾಯಿತ, ಸಿಗಂದೂರಿನ ದರ್ಶನಕ್ಕೆ ನಮ್ಮ ತಕರಾರಿಲ್ಲ, ಆ ದಿನದ ಮಾತ್ರೆ ತಪ್ಪದಿದ್ದರೆ ಸರಿ.

ಎಲ್ಲಿಗೆ ಹೋಗುವುದು? ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇ.ಸಿ.ಎಚ್.ಎಸ್. ಕಾರ್ಡ್ ಇದ್ದರೆ ನಿಮ್ಮ ಪಾಲಿಕ್ಲಿನಿಕ್‌ನಿಂದ ರೆಫರಲ್ ಪಡೆದು ಒಪ್ಪಂದದ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ತುರ್ತಿನಲ್ಲಿ ರೆಫರಲ್‌ಗೆ ಕಾಯಬೇಕಿಲ್ಲ. ಮೆಗ್ಗಾನ್‌ನಲ್ಲಿ ಮನೋವೈದ್ಯ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬರುವ ಮಂಗಳವಾರ ಯಾವುದೆಂದು ವಿಚಾರಿಸಿ. ಪ್ರತಿ ಸಲ ಶಿವಮೊಗ್ಗಕ್ಕೆ ಹೋಗುವುದು ತಪ್ಪುತ್ತದೆ. ನೆನಪು, ಗಮನಗಳ ವಿವರವಾದ ಪರೀಕ್ಷೆ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್. ಡಿಸ್ಚಾರ್ಜ್ ಬುಕ್, ಮಿಲಿಟರಿ ಆಸ್ಪತ್ರೆಯ ಸಮ್ಮರಿ, ಮೆಡಿಕಲ್ ಬೋರ್ಡಿನ ಕಾಗದಗಳ ಜೆರಾಕ್ಸ್ ಒಯ್ಯಿರಿ. ಪೆಟ್ಟು ಡ್ಯೂಟಿಯಲ್ಲಾದದ್ದು ದಾಖಲೆಯಲ್ಲಿದ್ದು ಅಂಗವೈಕಲ್ಯ ಪಿಂಚಣಿ ಸಿಗದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ. ಅದು ನಿಧಾನದ ದಾರಿ, ಚಿಕಿತ್ಸೆಯನ್ನು ಅದಕ್ಕೆ ಕಟ್ಟಿಹಾಕಬೇಡಿ.

ಗುಣವಾಗುತ್ತದೆಯೇ ಎಂದಿರಿ. ಖಿನ್ನತೆ ಇಳಿಯುತ್ತದೆ, ಹೆಚ್ಚಿನವರಲ್ಲಿ. ಮರೆವು, ದಣಿವು ಪೂರ್ತಿ ಹೋಗದಿರಬಹುದು, ಆದರೆ ಖಿನ್ನತೆ, ರಮ್ಮು, ನಿದ್ದೆ ಮಾತ್ರೆಗಳ ಪಾಲು ಕಳೆದ ಮೇಲೆ ಉಳಿಯುವುದು ನೀವು ಈಗ ನೋಡುತ್ತಿರುವುದಕ್ಕಿಂತ ಸಾಕಷ್ಟು ಕಡಿಮೆ. ಆರನೇ ವಾರಕ್ಕೆ ಪಿ.ಎಚ್.ಕ್ಯು.-9 ಮತ್ತೆ ತುಂಬಿಸಿ. ಅಂಕ ಅರ್ಧಕ್ಕಿಳಿದಿದ್ದರೆ ದಾರಿ ಸರಿ, ಐದರ ಒಳಗೆ ಬರುವ ತನಕ ಬಿಡಬಾರದು. ಅಂಕ ಕದಲದಿದ್ದರೆ ಮೊದಲು ಮಾತ್ರೆ ನಿಜಕ್ಕೂ ಹೊಟ್ಟೆಗೆ ಹೋಗಿದೆಯೇ ಎಂದು ಸ್ಟ್ರಿಪ್ ಎಣಿಸಿ, ಆಮೇಲೆ ಡೋಸು, ಆಮೇಲೆ ಬೇರೆ ಔಷಧಿ. ಊಟ ಬಿಟ್ಟು, ಮಾತು ಬಿಟ್ಟು, ಸಾವಿನದೇ ಧ್ಯಾನವಾದಾಗ ಅರಿವಳಿಕೆ ಕೊಟ್ಟು ಮಿದುಳಿಗೆ ಅಲ್ಪ ವಿದ್ಯುತ್ ಹಾಯಿಸಿ ಮಾಡುವ ಇ.ಸಿ.ಟಿ. ಚಿಕಿತ್ಸೆಯನ್ನು ವೈದ್ಯರು ಸೂಚಿಸಿದರೆ "ಕರೆಂಟ್ ಕೊಡುತ್ತಾರೆ" ಎಂದು ಓಡಿಬರಬೇಡಿ. ಹಳೆಯ ತಲೆಪೆಟ್ಟು ಅದಕ್ಕೆ ಅಡ್ಡಿಯಲ್ಲ, ಸ್ಕ್ಯಾನ್ ನೋಡಿ ನಿರ್ಧರಿಸುತ್ತಾರೆ. ಕೆಲವು ದಿನ ನೆನಪು ಇನ್ನಷ್ಟು ಮಸುಕಾಗುತ್ತದೆ ಎಂಬುದು ಗೊತ್ತಿರಲಿ.

ಈ ವಾರ ಮಾಡಬೇಕಾದದ್ದು ಇಷ್ಟು: ಕೋವಿ ಠಾಣೆಗೆ, ರಾತ್ರಿಯ ವಿಡಿಯೊ, ಕ್ಯಾಲೆಂಡರಿನ ಗೀಟು, ಮಾತ್ರೆಯ ಚೀಲ. ಅವರು ಆಸ್ಪತ್ರೆಗೆ ಒಪ್ಪದಿದ್ದರೆ "ಮನಸ್ಸಿನ ಡಾಕ್ಟರು" ಎನ್ನಬೇಡಿ. ತಲೆನೋವಿಗೆ, ನಿದ್ದೆಗೆ ತೋರಿಸೋಣ ಎನ್ನಿ, ಅದು ಸುಳ್ಳೂ ಅಲ್ಲ. ಅದಕ್ಕೂ ಒಪ್ಪದಿದ್ದರೆ ಅವರ ರೆಜಿಮೆಂಟಿನ ಹಳೆಯ ಜೊತೆಗಾರರೊಬ್ಬರಿಗೆ ಫೋನ್ ಮಾಡಿ ಕರೆಸಿಕೊಳ್ಳಿ. ನಿಮ್ಮ ಮಾತಿಗೆ ಏಳದವರು ಅವರ ಜೊತೆ ಎದ್ದು ಬರುತ್ತಾರೆ. 14416ಕ್ಕೆ ಮೊದಲ ಕರೆಯನ್ನು ನೀವೇ ಮಾಡಬಹುದು, ಅವರು ಪಕ್ಕದಲ್ಲಿ ಇರಬೇಕೆಂದೇನಿಲ್ಲ.